ಸೋತವರ ಚಹಾ

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎಂದು ಯಾರಾದರೂ ಅಂದರೆ, ಹಾಗನ್ನಲು ಸಾಕ್ಷಿ ಏನು ಎಂದು ಮೊದಲು ಕೇಳುತ್ತಿದ್ದವರು ನಮ್ಮ ಸರ್. ಆದ್ದರಿಂದ ಅವರ ಬಗ್ಗೆ ಬರೆಯುವಾಗ ನಾನು ಆ ನಿಯಮ ಪಾಲಿಸುವುದಿಲ್ಲ. ಅವರಿಗೆ ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದರು. ಸ್ಕೂಟರಿನಲ್ಲಿ ಎಡಗಡೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗುತ್ತಿದ್ದರು. ಇತಿಹಾಸದ ಪಠ್ಯವನ್ನು ಯಾವ ವರ್ಷವೂ ಪೂರ್ತಿ ಮುಗಿಸಿದವರಲ್ಲ. ಪರೀಕ್ಷೆ ಹತ್ತಿರ ಬಂದಾಗ, ‘ಉಳಿದಿದ್ದೆಲ್ಲ ಆಗಿಹೋದ ವಿಷ್ಯವೇ, ಓದ್ಕೊಳ್ಳಿ’ ಎಂದು ಪುಸ್ತಕ ಮುಚ್ಚಿಬಿಡುತ್ತಿದ್ದರು.

ಹೆಸರು ಬರೆಯುವುದಿಲ್ಲ. ಹೊಸನಗರದ ಪಿಯು ಕಾಲೇಜಿನಲ್ಲಿ ಆ ಕಾಲದಲ್ಲಿ ಓದಿದವರಿಗೆ ಇಷ್ಟರಲ್ಲೇ ಗೊತ್ತಾಗಿರುತ್ತದೆ. ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ.

ನನ್ನ ಊರು ಕೋಣಂದೂರು. ಹೊಸನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಮೊದಲ ವಾರವೇ, ಗಾಂಧಿ ಜಯಂತಿಗೆ ರಜೆ ಕೊಡುವುದು ತಪ್ಪು ಎಂದು ತರಗತಿಯಲ್ಲಿ ಜಗಳ ತೆಗೆದೆ. ಬೇರೆ ಯಾರಾದರೂ ಆಗಿದ್ದರೆ ಹೊರಗೆ ಕಳಿಸುತ್ತಿದ್ದರು. ಇವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ‘ಚಲೋ ಹೇಳ್ದೆ. ಈಗ ರಜೆ ಕೊಡಬೇಕು ಅಂತ ಹೇಳು’ ಅಂದರು. ಅವತ್ತು ಸಂಜೆಯಿಂದ ನಾನು ಅವರ ಚರ್ಚಾಕೂಟದಲ್ಲಿದ್ದೆ.

ಆ ಕೂಟಕ್ಕೆ ಅವರು ಮಾಡಿದ್ದ ಕಟ್ಟಳೆಗಳನ್ನು ಬೇರೆಲ್ಲೂ ನಾನು ಕಂಡಿಲ್ಲ. ಚರ್ಚೆ ಮುಗಿದ ಮೇಲೆ ಗೆದ್ದವರು ಸೋತವರಿಗೆ ಚಹಾ ಕೊಡಿಸಬೇಕು. ಲೋಟ ಖಾಲಿಯಾಗುವವರೆಗೆ ಗೆದ್ದವರು ತುಟಿ ಬಿಚ್ಚುವಂತಿಲ್ಲ. ಸೋತವರು ವೇದಿಕೆಯ ಮೇಲೆ ಹೇಳಲಾಗದೆ ಉಳಿದದ್ದನ್ನು ಆಗ ಹೇಳಬೇಕು. ಇನ್ನೊಂದು ಇದಕ್ಕಿಂತ ಕಠಿಣ: ಸೋತೆ ಎಂದು ಒಪ್ಪಿಕೊಂಡವರು ಆಮೇಲೆ ಮಾತು ತಿರುಗಿಸುವಂತಿಲ್ಲ. ತಿರುಗಿಸಲೇಬೇಕು ಅನ್ನಿಸಿದರೆ ಗೆದ್ದವರ ಎದುರೇ ಕೂತು ತಿರುಗಿಸಬೇಕು. ಬೆನ್ನ ಹಿಂದೆ ಮನಸ್ಸು ಬದಲಿಸುವುದು ಅವರ ಲೆಕ್ಕದಲ್ಲಿ ಕಳ್ಳತನ.

ಒಮ್ಮೆ ಸಾಗರದಲ್ಲಿ ಸ್ಪರ್ಧೆ. ಅಣೆಕಟ್ಟು ನಾಡಿಗೆ ವರ ಎಂಬುದರ ಪರವಾಗಿ ಮಾತಾಡಿ ನಾನು ಗೆದ್ದೆ. ನನ್ನ ಎದುರಿಗಿದ್ದವಳು ಜೋಗದ ಕಡೆಯ ಹುಡುಗಿ. ವೇದಿಕೆಯ ಮೇಲೆ ಬಾಯಿಪಾಠ ಮಾಡಿದ್ದ ಅಂಕಿಗಳನ್ನು ಒಪ್ಪಿಸಿ ತಡವರಿಸಿ ಇಳಿದಿದ್ದಳು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಕೊಡಿಸಿದ ಚಹಾ ಕುಡಿಯುತ್ತ, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತನ್ನ ಅಜ್ಜಿ ಮುಳುಗಿದ ಊರಿಗೆ ನಡೆದುಹೋಗಿ ತಮ್ಮ ಮನೆಯ ಹೊಸ್ತಿಲಿನ ಮೇಲೆ ಕೂತು ಬರುತ್ತಾಳೆ ಎಂದಳು. ‘ನೀನು ಹೇಳಿದ್ದೆಲ್ಲ ಸರಿಯೇ ಇರಬಹುದು. ಅಜ್ಜಿಗೆ ಹೇಳಕ್ಕಾಗತ್ತಾ?’ ಎಂದು ಕೇಳಿದಳು. ನಾನು ಮಾತಾಡುವಂತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಸರ್ ಕಿಟಕಿಯ ಕಡೆ ನೋಡುತ್ತ, ಟ್ರೋಫಿ ಸೀಟಿನ ಕೆಳಗಿಡು, ಉರುಳಿ ಬೀಳತ್ತೆ ಅಂದರು.

ಅವರಿಗೆ ದೇವರಿರಲಿಲ್ಲ. ಸಾಗರದ ಕಡೆಯ ಹಳ್ಳಿಯವರು. ಅಜ್ಜನ ಕಾಲದಲ್ಲಿ ಗೇಣಿ ಮಾಡುತ್ತಿದ್ದ ಮನೆ, ಅಪ್ಪನ ಕಾಲಕ್ಕೆ ಗದ್ದೆ ಸ್ವಂತದ್ದಾಯಿತು. ಗದ್ದೆ ಬಂದದ್ದು ಕಾನೂನಿನಿಂದ, ಅಪ್ಪ ಹಣ್ಣುಕಾಯಿ ಮಾಡಿಸಿದ್ದು ಮಾತ್ರ ಚೌಡಿಗೆ ಎಂದು ನಗುತ್ತಿದ್ದರು. ಚೌಡಿ ಅಂದರೆ ಅವರ ಊರಿನ ಅಂಚಿನಲ್ಲಿ ಮರದ ಬುಡದಲ್ಲಿರುವ ಕಲ್ಲು. ನಮ್ಮ ಕಡೆ ಇಂಥ ಕಲ್ಲಿಲ್ಲದ ಊರಿಲ್ಲ. ‘ಸಾಕ್ಷಿ ಏನು?’ ಎಂಬುದನ್ನು ನಾನು ಕಲಿತದ್ದು ಅವರಿಂದ. ಕಲಿತು, ಮನೆಯಲ್ಲಿ, ಮದುವೆ ಮನೆಗಳಲ್ಲಿ, ಕೊನೆಗೆ ತೀರ್ಥಹಳ್ಳಿಯ ಕೋರ್ಟಿನಲ್ಲಿ ಜೂನಿಯರ್ ವಕೀಲೆಯಾಗಿ, ಅದನ್ನೇ ಎಲ್ಲರ ಮೇಲೂ ಪ್ರಯೋಗಿಸಿದೆ.

ನಾನು ವಕೀಲಿಕೆಗೆ ಸೇರಿದ ಹೊಸತರಲ್ಲಿ ಅವರ ಹೆಂಡತಿ ಗಿರಿಜಕ್ಕನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಗಿರಿಜಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಹೊಸನಗರದ ಅರ್ಧಕ್ಕರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದವರು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಕೀಮೋ ಆಯಿತು, ನಮ್ಮ ಕಡೆಯವರು ಕರೆಂಟು ಕೊಡುವುದು ಅನ್ನುವ ರೇಡಿಯೇಷನ್ನೂ ಆಯಿತು. ಅಷ್ಟೂ ದಿನ ಜನ ಗಿರಿಜಕ್ಕನನ್ನು ವಿಚಾರಿಸುತ್ತಿದ್ದರು. ಚಿಕಿತ್ಸೆ ಮುಗಿಯಿತು ಎಂದು ಗೊತ್ತಾದ ಕೂಡಲೇ ವಿಚಾರಿಸುವುದು ನಿಂತಿತು. ಸರ್‌ಗೆ ನಿಜವಾದ ಕೆಲಸ ಶುರುವಾದದ್ದು ಆಮೇಲೆ.

ನಾನು ಹೋದಾಗಲೆಲ್ಲ ಅವರು ಅಡುಗೆಮನೆಯಲ್ಲಿರುತ್ತಿದ್ದರು. ಗಿರಿಜಕ್ಕನಿಗೆ ಏನು ತಿಂದರೂ ಕಬ್ಬಿಣ ನೆಕ್ಕಿದಂತೆ ಆಗುತ್ತಿತ್ತು. ಗಂಜಿಗೆ ಒಂದು ದಿನ ತುಪ್ಪ, ಒಂದು ದಿನ ಮಜ್ಜಿಗೆ, ಒಂದು ದಿನ ಮಿಡಿ ಉಪ್ಪಿನಕಾಯಿಯ ರಸದ ಒಂದೇ ಹನಿ. ಹೆಂಡತಿಯ ಬಾಯಿಗೆ ಚಮಚ ಇಡುವಾಗ ಅವರ ಬಾಯಿಯೂ ತೆರೆದುಕೊಳ್ಳುತ್ತಿತ್ತು. ‘ನಾ ಎಂತ ಎಳೆಕೂಸಾ? ನಿಮ್ಮ ಬಾಯಿ ಮುಚ್ಕಳಿ’ ಎಂದು ಗಿರಿಜಕ್ಕ ಗದರುತ್ತಿದ್ದರು. ಆಪರೇಷನ್ ಆದ ಕಡೆಯ ಕೈ ಬಾವು ಬಂದು ಮೇಲೆತ್ತಲಾಗುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ದಿನವೂ ಒಂದಿಷ್ಟು ಮೇಲೆ ಹೋಗಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಬೆರಳು ಮುಟ್ಟಿದಲ್ಲಿ ಸರ್ ಪೆನ್ಸಿಲಿನಿಂದ ಗೀರು ಹಾಕುತ್ತಿದ್ದರು. ಕೆಲವು ದಿನ ಗೀರು ಹಿಂದಿನದಕ್ಕಿಂತ ಕೆಳಗೆ ಬರುತ್ತಿತ್ತು. ಆಗ ಅವರು, ಹಿಂದಿನ ಗೀರನ್ನೇ ತಾನು ತಪ್ಪಾಗಿ ಹಾಕಿದ್ದೆ ಎಂದು ವಾದಿಸುತ್ತಿದ್ದರು. ಸಾಕ್ಷಿ ಕೇಳುವ ಮನುಷ್ಯ ಸಾಕ್ಷಿಯನ್ನೇ ತಿದ್ದುವುದನ್ನು ನಾನು ನೋಡಿದ್ದು ಆಗ.

ಔಷಧಿ ಹೇಳುವವರು ಬರುತ್ತಿದ್ದರು. ಲಕ್ಷ್ಮಣಫಲ, ಗೋಮೂತ್ರ, ಯಾವುದೋ ಕಾಡಿನ ಬೇರು. ಸರ್ ಎಲ್ಲವನ್ನೂ ಗೇಟಿನಲ್ಲೇ ಕೈಮುಗಿದು ತೆಗೆದುಕೊಳ್ಳುತ್ತಿದ್ದರು, ಒಳಗೆ ತರುತ್ತಿರಲಿಲ್ಲ. ಲಕ್ಷ್ಮಣಫಲವನ್ನು ಮಾತ್ರ ಗಿರಿಜಕ್ಕ, ‘ರೋಗಕ್ಕಲ್ಲ, ರುಚಿಗೆ’ ಎಂದು ಕಿತ್ತುಕೊಂಡು ತಿನ್ನುತ್ತಿದ್ದರು. ಕೂದಲು ಗುಂಗುರಾಗಿ ಮೊಳೆತಾಗ ಹೊಲಿಗೆ ಮೆಷಿನ್ ಮುಂದೆ ಮತ್ತೆ ಕೂತರು. ಮೊದಲು ಹೊಲಿದದ್ದು ತಮ್ಮದೇ ರವಿಕೆ. ಒಳಗೊಂದು ಹತ್ತಿಯ ದಿಂಬು ಇಟ್ಟು ಅಳತೆ ಸರಿಮಾಡಿ ಹಾಕಿಕೊಂಡು ಬಂದು, ‘ನೋಡಿ ಹೇಳ್ರಿ, ಯಾವ ಬದಿ ದೇವ್ರದ್ದು, ಯಾವ ಬದಿ ನಂದು?’ ಎಂದು ಕೇಳಿದರಂತೆ. ಸರ್ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲವಂತೆ. ಇದನ್ನು ಹೇಳಿದ್ದು ಗಿರಿಜಕ್ಕ, ನಗುತ್ತ.

ಅದಾದ ಮೇಲಿನ ಒಂದು ಬೆಳಿಗ್ಗೆ ನಾನು ಹೊಸನಗರ ಬಸ್ ಸ್ಟ್ಯಾಂಡಿನಲ್ಲಿದ್ದೆ. ಕೋರ್ಟಿನ ಹೊತ್ತಿಗೆ ತೀರ್ಥಹಳ್ಳಿಯಲ್ಲಿರಬೇಕಿತ್ತು. ಸಾಗರದ ಬಸ್ಸು ನಿಲ್ಲುವಲ್ಲಿ ಸರ್ ಕಂಡರು. ಕೈಯಲ್ಲೊಂದು ಬಟ್ಟೆಯ ಚೀಲ. ಚೀಲದ ಬಾಯಿಂದ ಕೆಂಪು ಜುಟ್ಟಿನ ಹುಂಜವೊಂದು ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು.

ನೆಂಟರ ಮನೆಗೆ ಎಂದರು. ಯಾವ ನೆಂಟರು ಎಂದೆ. ಕನ್ನಡಕ ಒರೆಸಲು ಹೊರಟರು, ಚೀಲ ಹಿಡಿದ ಕೈಯಿಂದ ಆಗಲಿಲ್ಲ. ಕೊನೆಗೆ, ‘ಊರಿಗೆ. ಚೌಡಿಗೆ. ಗಿರಿಜಂಗೂ ಹೇಳಿಲ್ಲ, ನೀ ಹೇಳಬ್ಯಾಡ’ ಅಂದರು.

ಹಿಂದಿನ ಸಲ ತಪಾಸಣೆಗೆ ಹೋದಾಗ ಸ್ಕ್ಯಾನಿನಲ್ಲಿ ಏನೋ ನೆರಳು ಕಂಡಿತ್ತಂತೆ. ಇನ್ನೊಂದು ಪರೀಕ್ಷೆ ಮಾಡಬೇಕು ಎಂದರಂತೆ. ಅದರ ಫಲಿತಾಂಶಕ್ಕೆ ಕಾಯುತ್ತ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದಾಗ ಹುಂಜ ಕೊಡುತ್ತೇನೆ ಎಂದು ಹೇಳಿಕೊಂಡುಬಿಟ್ಟರಂತೆ. ನೆರಳು ಬರೀ ನೆರಳಾಗಿತ್ತು, ಏನೂ ಇರಲಿಲ್ಲ. ‘ಹಂಗಾಗಿ...’ ಎಂದು ನಿಲ್ಲಿಸಿದರು. ಕಿವಿ ಕೆಂಪಾಗಿತ್ತು.

ನನಗೆ ಎಷ್ಟು ಸಿಟ್ಟು ಬಂತು ಎಂದರೆ, ಮೋಸ ಹೋದೆ ಅನ್ನಿಸಿತು. ಅಲ್ಲೇ, ಜನರ ನಡುವೆ, ಅವರು ಕಲಿಸಿದ ಕ್ರಮದಲ್ಲೇ ಶುರು ಮಾಡಿದೆ. ಗುಣವಾದದ್ದು ಚಿಕಿತ್ಸೆಯಿಂದ, ಅದಕ್ಕೆ ಕಾಗದಪತ್ರವಿದೆ. ನೆರಳು ಹರಕೆಗಿಂತ ಮುಂಚೆಯೂ ನೆರಳೇ ಆಗಿತ್ತು, ಆಮೇಲೆ ಕೊಟ್ಟ ಮಾತು ಮೊದಲೇ ಇದ್ದದ್ದನ್ನು ಬದಲಿಸುವುದು ಹೇಗೆ? ಹೆದರಿದವನ ಬಾಯಿಂದ ಬಂದ ಮಾತಿಗೆ ಕರಾರಿನ ಬೆಲೆ ಇಲ್ಲ. ದೇವಸ್ಥಾನದಲ್ಲಿ ಪ್ರಾಣಿ ಕಡಿಯುವುದಕ್ಕೆ ಕಾನೂನೂ ಒಪ್ಪುವುದಿಲ್ಲ. ಕೊನೆಯದನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ: ಗಿರಿಜಕ್ಕ ಅಷ್ಟು ವಾಂತಿ, ಅಷ್ಟು ನೋವು ಅನುಭವಿಸಿ ಬದುಕಿ ಬಂದದ್ದನ್ನು ನೀವು ಒಂದು ಕಲ್ಲಿನ ಹೆಸರಿಗೆ ಬರೆದುಕೊಡುತ್ತಿದ್ದೀರಿ.

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ತಡೆದೆ ಎಂದಲ್ಲ, ಅವರೇ ಮುಚ್ಚಿದರು. ಹುಂಜದ ತಲೆಯನ್ನು ಮೆಲ್ಲಗೆ ಚೀಲದೊಳಗೆ ಒತ್ತಿ, ‘ಸರಿ ಮಾರಾಯ್ತಿ. ನೀ ಗೆದ್ದೆ, ನಾ ಸೋತೆ’ ಅಂದರು. ಅವರ ಬಾಯಿಂದ ಆ ಮಾತನ್ನು ನಮ್ಮ ಕೂಟದ ಯಾರೂ ಕೇಳಿದವರಿರಲಿಲ್ಲ. ಅಷ್ಟರಲ್ಲಿ ನನ್ನ ಬಸ್ಸು ಹಾರ್ನ್ ಹೊಡೆಯಿತು. ಹತ್ತಿ ಕಿಟಕಿಯಿಂದ ಕೈಬೀಸಿದೆ. ಅವರು ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಹೋಟೆಲಿನ ಕಡೆ ನೋಡಿದರು, ಆಮೇಲೆ ಸ್ಕೂಟರಿನ ಕಡೆ ನಡೆದರು. ಆ ವಾರವೆಲ್ಲ ಕೋರ್ಟಿನಲ್ಲಿ ನನ್ನ ಸ್ನೇಹಿತರಿಗೆ, ಗುರುವನ್ನು ಬಸ್ ಸ್ಟ್ಯಾಂಡಿನಲ್ಲಿ ಸೋಲಿಸಿದ ಕತೆ ಹೇಳಿದೆ.

ಹುಂಜ ಅವರ ಮನೆಯಲ್ಲೇ ಉಳಿಯಿತು. ಹರಕೆಯದಲ್ಲದ ಮೇಲೆ ಅದು ಬರೀ ಕೋಳಿ ತಾನೇ, ಸಾರು ಮಾಡಿ ಎಂದು ನಾನೇ ಹೇಳಿದೆ. ಅವರ ಮನೆಯಲ್ಲಿ ಕೋಳಿಸಾರು ಮಾಡದ ಭಾನುವಾರ ಇರುತ್ತಿರಲಿಲ್ಲ. ಸರ್ ತಲೆಯಾಡಿಸಿದರು. ‘ಅದು ನಮ್ದಲ್ಲ’ ಎಂದರು. ಹಾಗಾದರೆ ಯಾರದ್ದು, ಸಾಕ್ಷಿ ಏನು ಎಂದೆ. ನಕ್ಕರು. ಮಾರಲೂ ಇಲ್ಲ, ಕೊಯ್ಯಲೂ ಇಲ್ಲ, ಕೊಡಲೂ ಇಲ್ಲ. ಅದು ಅಳಿಯನಂತೆ ಅಂಗಳದಲ್ಲಿ ತಿರುಗುತ್ತ, ಹೊಲಿಯಲು ತಂದಿಟ್ಟ ಬಟ್ಟೆಗಳ ಮೇಲೆ ಹೇಸಿಗೆ ಮಾಡುತ್ತ ಬೆಳೆಯಿತು. ಗಿರಿಜಕ್ಕ ಕತ್ತರಿ ಎಸೆದು ಓಡಿಸುತ್ತಿದ್ದರು. ಸರ್ ಹೋಗಿ ಅಕ್ಕಿನುಚ್ಚು ಹಾಕಿ ಕರೆತರುತ್ತಿದ್ದರು.

ನನಗೆ ಇದು ತಮಾಷೆಯಾಗಿತ್ತು. ಇನ್ನೊಂದನ್ನೂ ನೋಡಿದ್ದೆ, ನೋಡಿಯೂ ಒಂದಕ್ಕೊಂದು ಕೂಡಿಸಿರಲಿಲ್ಲ. ಗಿರಿಜಕ್ಕ ಸೀನಿದರೆ ಸರ್ ಅವರನ್ನು ನೋಡುತ್ತಿರಲಿಲ್ಲ, ಹುಂಜದ ಕಡೆ ನೋಡುತ್ತಿದ್ದರು. ಹೆಂಡತಿ ಮಧ್ಯಾಹ್ನ ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದರು. ತಪಾಸಣೆಯ ದಿನ ಹತ್ತಿರ ಬಂದರೆ ಅವರಿಗೇ ಜ್ವರ. ಘಟ್ಟ ಇಳಿದು ಹೋಗಿ, ಏನೂ ಇಲ್ಲ ಅನ್ನಿಸಿಕೊಂಡು ಬಂದ ಮೇಲೂ ಮುಖದಲ್ಲಿ ನೆಮ್ಮದಿ ಇರುತ್ತಿರಲಿಲ್ಲ. ಬಾಕಿ ಮುಂದಕ್ಕೆ ಹೋಯಿತು ಎಂಬಂತೆ ಇರುತ್ತಿದ್ದರು. ‘ಈ ಹುಂಜ ಇರೋವರೆಗೆ ನಂಗೆ ಕೆಮ್ಮಕ್ಕೂ ಸ್ವಾತಂತ್ರ್ಯ ಇಲ್ಲ ಕಣೇ’ ಎಂದು ಗಿರಿಜಕ್ಕ ಒಮ್ಮೆ ಅಂದದ್ದು ನನಗೆ ನೆನಪಿದೆ. ನಾನು ಅದಕ್ಕೂ ನಕ್ಕಿದ್ದೆ.

ಹೋದ ದೀಪಾವಳಿ ಕಳೆದ ಮೇಲೆ ಸರ್ ಫೋನ್ ಮಾಡಿದರು. ನಿನ್ನಿಂದ ಒಂದು ಚಾ ಬರಬೇಕು, ಹೊಸನಗರಕ್ಕೆ ಯಾವಾಗ ಬರ್ತಿ ಎಂದರು. ಮುಂದಿನ ವಾರ ಎಂದೆ. ಆ ವಾರ ಯಾವುದೋ ಕೇಸಿನ ವಿಚಾರಣೆ ಇತ್ತು. ಮತ್ತೆ ಮಾಡಿದರು. ನೀವೇ ತೀರ್ಥಹಳ್ಳಿಗೆ ಬನ್ನಿ, ಇಲ್ಲಿ ಒಳ್ಳೆಯ ಚಹಾ ಸಿಗುತ್ತದೆ ಎಂದೆ. ‘ಗಿರಿಜನ್ನ ಬಿಟ್ಟು ಅಷ್ಟು ದೂರ ಎಲ್ಲಿ ಬರ್ಲಿ’ ಎಂದರು. ಗಿರಿಜಕ್ಕ ಆ ಹೊತ್ತಿಗೆ ಬಾವಿಯಿಂದ ನೀರು ಸೇದುವಷ್ಟು ಗಟ್ಟಿಯಾಗಿದ್ದರು. ಅದನ್ನು ಹೇಳಿ ಅಲ್ಲೂ ಒಂದು ಅಂಕ ಗಳಿಸಿದೆ.

ಈ ವರ್ಷ ಮಳೆ ಹಿಡಿಯುವ ಮುಂಚೆ, ಬೆಳಿಗ್ಗೆ ಪೇಪರ್ ಓದುತ್ತ ಕೂತಲ್ಲೇ ಸರ್ ಎದೆಬಡಿತ ನಿಂತಿತು. ಎಲ್ಲರ ಕಣ್ಣೂ ಗಿರಿಜಕ್ಕನ ಮೇಲಿತ್ತು, ಅವರದ್ದೂ ಸೇರಿ. ಯಾರೂ ಸರ್ ಕಡೆ ನೋಡಿರಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ನಾನು ಹೋದೆ. ಹುಂಜ ಕಟ್ಟೆಯ ಮೇಲೆ ಕೂತಿತ್ತು, ಜುಟ್ಟು ಒಂದು ಬದಿಗೆ ವಾಲಿತ್ತು. ಗೋಡೆಯ ಮೇಲಿನ ಪೆನ್ಸಿಲ್ ಗೀರುಗಳು ನನ್ನ ತಲೆಗಿಂತ ಎಷ್ಟೋ ಮೇಲೆ ಹೋಗಿ ನಿಂತಿದ್ದವು. ಗಿರಿಜಕ್ಕ ಎರಡು ಲೋಟ ಚಹಾ ತಂದರು. ನನ್ನದನ್ನು ನನ್ನ ಮುಂದಿಟ್ಟು, ‘ನಿಮ್ಮ ಕಟ್ಲೆ ನಂಗೆ ಗೊತ್ತು. ಇದು ಮುಗಿಯೋವರೆಗೆ ನೀ ಮಾತಾಡಬ್ಯಾಡ. ಅವ್ರು ಹೇಳ್ಬೇಕು ಅಂತಿದ್ದದ್ದು ನಾ ಹೇಳ್ತೀನಿ’ ಎಂದರು.

ದೀಪಾವಳಿಯ ಹೊತ್ತಿಗೆ ಸರ್ ಎಲ್ಲವನ್ನೂ ಅವರಿಗೆ ಹೇಳಿದ್ದರು.

‘ನೀ ತಿಳ್ಕಂಡಿದ್ಯಲ, ನಾ ಬದುಕಲಿ ಅಂತ ಹುಂಜ ಹೇಳ್ಕಂಡ್ರು ಅಂತ. ಅದಲ್ಲ. ಆಸ್ಪತ್ರೇಲಿ ನಿಂತಿದ್ದಾಗ ಅವ್ರಿಗೆ ಒಂದು ಯೋಚ್ನೆ ಬಂತಂತೆ. ಆ ಕಡೆನೋ ಈ ಕಡೆನೋ, ಒಟ್ಟು ಒಂದ್ಸಲ ಮುಗ್ದು ಹೋಗ್ಲಪ್ಪ ಅಂತ. ನಂಗೆ ಗಂಜಿ ಕೊಡೋದು, ಕೈ ತಿಕ್ಕೋದು, ಕಾಯೋದು, ಎಲ್ಲ ಮುಗೀಲಿ ಅಂತ. ಹಂಗೆ ಅನ್ಸಿದ್ದಕ್ಕೆ ಹೆದ್ರಿ ಹೇಳ್ಕಂಡಿದ್ದು. ಅದು ಹರಕೆ ಅಲ್ಲ ಕಣೇ. ತಪ್ಪುಕಾಣಿಕೆ.’

ಗೊತ್ತಿಲ್ಲದವರಿಗೆ ಹೇಳಬೇಕು. ಹರಕೆ ಏನನ್ನೋ ಬೇಡಿ ಕೊಡುವುದು. ತಪ್ಪುಕಾಣಿಕೆ, ಮಾಡಿದ ತಪ್ಪಿಗೆ ಕೊಡುವುದು. ಅದರಲ್ಲಿ ಬೇಡಿಕೆಯಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾನು ಮಂಡಿಸಿದ ಒಂದೊಂದು ಅಂಶವೂ ಬೇಡಿಕೆಯ ವಿರುದ್ಧವಾಗಿತ್ತು. ಅವರು ಮಂಡಿಸದ ವಿಷಯದಲ್ಲಿ ನಾನು ಗೆದ್ದಿದ್ದೆ. ಅದು ತಿಳಿದೂ ಅವರು ಸೋತೆ ಎಂದಿದ್ದರು, ಯಾಕೆಂದರೆ ಗೆಲ್ಲಲು ಆ ತಪ್ಪನ್ನು ನನ್ನೆದುರು ಬಾಯಿಬಿಟ್ಟು ಹೇಳಬೇಕಾಗಿತ್ತು.

ಬಾಯಿ ತೆರೆಯಲು ಹೋದೆ. ಗಿರಿಜಕ್ಕ ಲೋಟದ ಕಡೆ ಕಣ್ಣು ತೋರಿಸಿದರು.

ಅವರು ಗಂಡನಿಗೆ ಏನಂದರು ಎಂಬುದನ್ನೂ ಹೇಳಿದರು. ‘ನಾ ನಕ್ಬಿಟ್ಟೆ. ಇಷ್ಟೇನಾ ಅಂದೆ. ಮುಗ್ದು ಹೋಗ್ಲಿ ಅಂತ ನಂಗೆ ಎಷ್ಟು ಸಲ ಅನ್ಸಿಲ್ಲ. ನಿಮ್ಗಿಂತ ಮೊದ್ಲೇ ಅನ್ಸಿತ್ತು, ಹಂಗಾದ್ರೆ ನಂದೂ ಒಂದು ಹುಂಜ ಬಾಕಿ ಅಂದೆ. ಅವ್ರು ಅತ್ರು. ಮದ್ವೆ ಆದಾಗ್ಲಿಂದ ನೋಡಿರ್ಲಿಲ್ಲ ನಾನು ಅದನ್ನ.’ ನಾಳೆಯೇ ಹೋಗಿ ಕೊಟ್ಟು ಬರೋಣ ಎಂದು ಗಿರಿಜಕ್ಕ ಹೊರಟರಂತೆ. ಸರ್ ಒಪ್ಪಲಿಲ್ಲವಂತೆ. ಸೋತೆ ಅಂತ ಆ ಹುಡುಗಿಗೆ ಒಪ್ಪಿಕೊಂಡುಬಿಟ್ಟಿದ್ದೇನೆ, ಅವಳಿಗೆ ಹೇಳದೆ ಹೋದರೆ ಕದ್ದು ಹೋದಂತೆ, ಅವಳು ಬರಲಿ, ಒಂದು ಚಾ ಕುಡಿದು ಹೇಳಿ ಆಮೇಲೆ ಹೋಗೋಣ ಎಂದರಂತೆ.

ನಾನು ಬರಲಿಲ್ಲ.

‘ನಿಂಗೆ ಬೈಯಕ್ಕೆ ಹೇಳ್ತಿಲ್ಲ’ ಎಂದರು ಗಿರಿಜಕ್ಕ. ‘ನಿನ್ನ ಮಾತು ಸರಿ ಇತ್ತು ಅಂತ ಅವ್ರು ಕೊನೇವರೆಗೂ ಹೇಳ್ತಿದ್ರು. ಆದ್ರೆ ನೀ ಗೆದ್ದು ಬಸ್ ಹತ್ತಿದ್ದಿ. ಅವ್ರ ಪಕ್ಕ ಮಲಗ್ತಿದ್ದಳು ನಾನು. ನಿದ್ದೆ ಮಾಡ್ತಾ ಇದ್ರೆ ನನ್ನ ಮೂಗಿನ ಹತ್ರ ಬೆರಳು ಹಿಡೀತಿದ್ರು. ಎಚ್ಚರ ಇದ್ರೂ ನಾ ಉಸಿರು ಜೋರಾಗಿ ಬಿಡ್ತಿದ್ದೆ. ಕೇಳಿಸ್ಲಿ ಅಂತ.’

ನನಗೆ ಚೌಡಿಯಲ್ಲಿ ನಂಬಿಕೆಯಿಲ್ಲ, ಈಗಲೂ. ಆ ಬೆಳಿಗ್ಗೆ ನಾನು ಹೇಳಿದ್ದರಲ್ಲಿ ಸುಳ್ಳೆಂದು ತೆಗೆದುಹಾಕಬೇಕಾದ ಒಂದು ವಾಕ್ಯವೂ ಇಲ್ಲ. ಸರ್ ಎದುರಿಗಿದ್ದರೆ ಇದನ್ನೇ ಹೇಳುತ್ತಿದ್ದೆ. ಅವರು ಕನ್ನಡಕ ಒರೆಸುತ್ತ, ಹೋಟೆಲಿನ ಕಡೆ ನೋಡುತ್ತಿದ್ದರು.

ಚಹಾ ಆರಿತ್ತು. ತಳದಲ್ಲಿ ಒಂದು ಗುಟುಕು ಉಳಿಸಿಕೊಂಡು ಕೂತಿದ್ದೆ. ಗಿರಿಜಕ್ಕ ಕಾದರು. ಆಮೇಲೆ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು, ಸಾಗರದ ಬಸ್ಸಿಗೆ ಇನ್ನೂ ಹೊತ್ತಿದೆ ಎಂದರು. ಹುಂಜವನ್ನು ಕಡಿಸುವುದಿಲ್ಲ, ಚೌಡಿಯ ಮರದ ಕೆಳಗೆ ಬಿಟ್ಟು ಬರುವುದು. ಗಂಡನದ್ದಕ್ಕೂ ತಮ್ಮದಕ್ಕೂ ಸೇರಿ ಒಂದೇ ಹುಂಜ ಸಾಕು, ಚೌಡಿ ಲೆಕ್ಕ ಕೇಳುವವಳಲ್ಲ ಎಂದರು. ಬಾವು ಬರುವ ಕೈಯಲ್ಲಿ ಭಾರ ಹೊರಬಾರದು ಎಂದು ಡಾಕ್ಟರು ಹೇಳಿದ್ದು ಇನ್ನೂ ಜಾರಿಯಲ್ಲಿದೆ ಎಂದೂ ಹೇಳಿ ನನ್ನನ್ನು ನೋಡಿದರು.

ಉಳಿದ ಗುಟುಕನ್ನು ಕುಡಿದು ಲೋಟ ಕೆಳಗಿಟ್ಟೆ. ಕಟ್ಟಳೆಯ ಪ್ರಕಾರ ಈಗ ನಾನು ಮಾತಾಡಬಹುದಿತ್ತು.

‘ಚೀಲ ಎಲ್ಲಿದೆ ಅಕ್ಕಾ?’ ಎಂದೆ.